ವೆನಿಸ್‌ನ ಘೆಟ್ಟೊ: ಹೋಗುವವರಿಗೆ ನಾಲ್ಕು ಮಾತು

ವೆನಿಸ್‌ನ ಹಳೆಯ ಯಹೂದಿ ಕೇರಿಯಾದ ಘೆಟ್ಟೊ ನೋಡಬೇಕಿದ್ದರೆ ಶನಿವಾರ ಬೇಡ. ಅದು ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ. ನಾನೂ ಅಮ್ಮನೂ ಶನಿವಾರವೇ ಹೋಗಿ, ಅವರ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳ ಮುಚ್ಚಿದ ಬಾಗಿಲು ನೋಡಿಕೊಂಡು ವಾಪಸ್ ಬಂದೆವು. ಭಾನುವಾರ ಬೆಳಿಗ್ಗೆ ಮತ್ತೆ ಹೋಗಬೇಕಾಯಿತು.

ದಾರಿ ಸುಲಭ. ಸಾಂಟಾ ಲೂಚಿಯಾ ರೈಲು ನಿಲ್ದಾಣದಿಂದ ಎಡಕ್ಕೆ ನಡೆದು, ಗೂಲ್ಯೆ ಸೇತುವೆ ದಾಟಿ, ಮತ್ತೆ ಎಡಕ್ಕೆ ಕಾಲುವೆ ಪಕ್ಕದಲ್ಲೇ ಹೋಗಿ. ಬಲಗಡೆ, ಮನೆಯೊಂದರ ಅಡಿಯಲ್ಲೇ ನುಸುಳುವ ತಗ್ಗು ದಾರಿ ಸಿಗುತ್ತದೆ. ಹತ್ತು ನಿಮಿಷದ ನಡಿಗೆ. ಸೂಟ್‌ಕೇಸ್ ಎಳೆದುಕೊಂಡು ಹೋಗಬೇಡಿ, ನಿಲ್ದಾಣದಲ್ಲೇ ಇಡಬಹುದು.

ಆ ತಗ್ಗು ದಾರಿಯಲ್ಲಿ ಒಂದು ಕ್ಷಣ ನಿಲ್ಲಿ. ಕಲ್ಲಿನಲ್ಲಿ ಹಳೆಯ ಗೇಟಿನ ಕೀಲು ಕೂತಿದ್ದ ತೂತುಗಳಿವೆ. ಅಮ್ಮ ಒಂದರೊಳಗೆ ಬೆರಳಿಟ್ಟು ನೋಡಿದಳು. ಯಹೂದಿಗಳೆಲ್ಲ ಘೆಟ್ಟೊದಲ್ಲೇ ಇರಬೇಕು ಅಂತ ವೆನಿಸ್ ಆಡಳಿತ 1516ರಲ್ಲಿ ಆಜ್ಞೆ ಮಾಡಿತ್ತು. ನೀವು ನಿಂತಿರುವ ಈ ಭಾಗ ಅದಕ್ಕೆ ಸೇರಿದ್ದು 1541ರಲ್ಲಿ. ರಾತ್ರಿಯಾದರೆ ಗೇಟು ಬಂದ್. ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕಿತ್ತು! 1797ರಲ್ಲಿ ನೆಪೋಲಿಯನ್ ಸೇನೆ ಬಂದ ಮೇಲೆ ಆ ಗೇಟುಗಳು ಹೋದವು. ಘೆಟ್ಟೊ ಅನ್ನುವ ಪದವೂ ಇಲ್ಲಿನದೇ. ಇಲ್ಲಿ ಮೊದಲು ಲೋಹ ಎರಕ ಹೊಯ್ಯುವ ಕಾರ್ಖಾನೆ ಇತ್ತು, ಅದರಿಂದಲೇ ಈ ಹೆಸರು ಬಂತು ಅನ್ನುತ್ತಾರೆ.

ಓಣಿ ಮುಗಿದು ಕಿರುಸೇತುವೆ ದಾಟಿದರೆ ದೊಡ್ಡ ಚೌಕ. ಇಲ್ಲಿ ತಲೆಯೆತ್ತಿ ಕಿಟಕಿ ಎಣಿಸಿ. ವೆನಿಸ್‌ನ ಬೇರೆ ಕಡೆ ಇಷ್ಟು ಎತ್ತರದ ಹಳೆ ಮನೆಗಳು ಕಾಣಸಿಗುವುದು ಅಪರೂಪ. ಜನ ಜಾಸ್ತಿಯಾದರು, ಜಾಗ ಅಷ್ಟೇ ಇತ್ತು. ಅಕ್ಕಪಕ್ಕ ಬೆಳೆಯುವ ಹಾಗಿಲ್ಲ, ಮೇಲಕ್ಕೆ ಕಟ್ಟಿದರು. ಏಳೆಂಟು ಅಂತಸ್ತು, ಒಳಗೆ ತಗ್ಗು ಸೂರು. ಅದಕ್ಕೇ ಕಿಟಕಿ ಸಾಲುಗಳು ಅಷ್ಟು ಒತ್ತೊತ್ತಾಗಿವೆ. 1528ರ ಜರ್ಮನ್ ಸಿನಗಾಗ್ ಕೂಡ ಇಂಥದ್ದೇ ಕಟ್ಟಡದ ಮೇಲಿದೆ. ಸಾಲಾಗಿರುವ ಐದು ದೊಡ್ಡ ಕಿಟಕಿಗಳೇ ಅದರ ಗುರುತು, ಯಹೂದಿಗಳ ಧರ್ಮಗ್ರಂಥ ತೋರಾದ ಐದು ಭಾಗಗಳ ಹಾಗೆ.

ಸಿನಗಾಗ್‌ಗಳ ಒಳಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಮೊದಲೇ ಬುಕ್ ಮಾಡಿ. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಮಂಡಿನೋವಿನವರು ಮೆಟ್ಟಿಲು ಎಷ್ಟಿದೆ ಅಂತ ಕೇಳಿಕೊಂಡೇ ಹತ್ತಿ. ಅಮ್ಮ ಕೆಳಗೆ ಬೆಂಚಿನ ಮೇಲೆ ಕೂತು ಮಕ್ಕಳ ಚೆಂಡಾಟ ನೋಡಿದಳು, ಅವಳಿಗೆ ಅದೇ ಹಿತವಾಯಿತು.

ಊಟಕ್ಕೆ ನಮ್ಮಂಥ ಸಸ್ಯಾಹಾರಿಗಳಿಗೆ ಫಲಾಫಲ್, ಹಮ್ಮಸ್ ಸಿಗುತ್ತದೆ. ಆದರೆ ಮಾಂಸ ಬಡಿಸುವ ಕೋಷರ್ (ಯಹೂದಿ ಆಹಾರ ನೇಮ ಪಾಲಿಸುವ) ಹೋಟೆಲಿನಲ್ಲಿ ಮೊಸರು, ಹಾಲು ಹಾಕಿದ ಕಾಫಿ ಕೇಳಬೇಡಿ. ಮಾಂಸ, ಹಾಲು ಒಟ್ಟಿಗೆ ಸೇರಬಾರದು ಅನ್ನುವುದು ಅವರ ನೇಮ.

ವಾಪಸ್ ಬರುವಾಗ ನೆಲ ನೋಡಿಕೊಂಡು ನಡೆಯಿರಿ. ಕೆಲವು ಮನೆಗಳ ಮುಂದೆ ಅಂಗೈಯಗಲದ ಹಿತ್ತಾಳೆ ಬಿಲ್ಲೆಗಳಿವೆ. 'ಇಲ್ಲಿ ವಾಸವಿದ್ದರು' ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ಬಂಧಿಸಿದ ದಿನ, ಸಾಗಿಸಿದ ನಾಜಿ ಶಿಬಿರದ ಹೆಸರು. 1943-44ರಲ್ಲಿ ಈ ಊರಿನಿಂದ ಇನ್ನೂರಕ್ಕೂ ಹೆಚ್ಚು ಯಹೂದಿಗಳನ್ನು ಎಳೆದೊಯ್ದರು. ಮೊಬೈಲ್ ನೋಡುತ್ತಾ ಹೋದರೆ ಆ ಹೆಸರುಗಳನ್ನು ತುಳಿದುಕೊಂಡೇ ಹೋಗಿಬಿಡುತ್ತೀರಿ. ಬಗ್ಗಿ ಓದಿ.