ಲೈಲಾಕ್ ಒಳಗಿನ ನೀಲಿ

ಹೋದ ವಾರ ಒಬ್ಬ ಹುಡುಗಿ ಅಣ್ಣನ ಮದುವೆಗೆ ಅಂತ ತೆಳುವಾದ ಸೀರೆ ತಂದಳು. "ಆಂಟಿ, ಬ್ಲೌಸಿಗೆ ಲೈಲಾಕ್ ಲೈನಿಂಗೇ ಹಾಕಿ" ಅಂದಳು. ನಾನು ಲ್ಯಾವೆಂಡರ್ ಹಾಕಿಬಿಟ್ಟೆ. ಎರಡೂ ತಿಳಿ ನೇರಳೆ ತಾನೆ ಅಂದುಕೊಂಡಿದ್ದೆ. ಬೆಳಕಿಗೆ ಹಿಡಿದಾಗ ಬಟ್ಟೆಯ ಅಡಿಯಿಂದ ಬೂದು ಹೊಡೆಯಿತು. ಲೈಲಾಕ್‌ನಲ್ಲಿ ಒಂದು ಚಿಟಿಕೆ ಗುಲಾಬಿ ಜಾಸ್ತಿ. ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ.

ವಿರಾಜಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷ ಆಯ್ತು. ದಿನಾ ಬಾಯಲ್ಲಿ ಬರುವ ಈ ಹೆಸರು ಎಲ್ಲಿಂದ ಬಂತು ಅಂತ ಆವತ್ತು ರಾತ್ರಿ ಹುಡುಕಿದೆ. ಹೊರಗೆ ಮಳೆ ಬಿಟ್ಟಿರಲಿಲ್ಲ.

ಲೈಲಾಕ್ ಒಂದು ಹೂವು. ಗೊಂಚಲು ಗೊಂಚಲಾಗಿ ಬಿಡುತ್ತದೆ, ಘಮಘಮ ಅನ್ನುತ್ತದೆ. ಬಾಲ್ಕನ್ ನಾಡಿನ ಕಲ್ಲುಗುಡ್ಡಗಳು ಅದರ ತವರು. ತುರ್ಕರ ತೋಟಗಳಲ್ಲಿ ಬೆಳೆದು, 16ನೇ ಶತಮಾನದಲ್ಲಿ ಇಸ್ತಾಂಬುಲ್‌ನಲ್ಲಿ ರಾಯಭಾರಿಯಾಗಿದ್ದ ಬುಸ್ಬೆಕ್ ಅವರ ಮೂಲಕ ವಿಯೆನ್ನಾ ಸೇರಿತು. ಚೆನ್ನಾಗಿ ಹೂ ಬಿಡಬೇಕಾದರೆ ಅದಕ್ಕೆ ಕೊರೆಯುವ ಚಳಿಗಾಲ ಬೇಕು. ನಮ್ಮ ಚಳಿ ಸಾಲದು.

ಹೆಸರಿಗೆ ಬರುತ್ತೇನೆ. ಪಾರಸಿ ಭಾಷೆಯಲ್ಲಿ ನೀಲ್ ಅಂದರೆ ನೀಲಿ. ಸಂಸ್ಕೃತದ ನೀಲ ಇದರ ಬೇರು. ನೀಲಕ್ ಅಂದರೆ ನಸುನೀಲಿ. ಅದು ಬಾಯಿಂದ ಬಾಯಿಗೆ ಹೋಗಿ ಲೀಲಕ್ ಆಯಿತು. ಅರಬ್ಬರು, ಸ್ಪೇನಿನವರು, ಫ್ರೆಂಚರು ದಾಟಿಸಿ ಇಂಗ್ಲಿಷಿಗೆ ತಲುಪಿಸಿದರು. ನ ಹೋಗಿ ಲ ಬರುವುದೇನು ದೊಡ್ಡ ವಿಷಯವಲ್ಲ. ನಾವು ನಿಂಬೆ ಅನ್ನುತ್ತೇವೆ, ಪಕ್ಕದ ಮನೆಯವರು ಲಿಂಬೆ ಅನ್ನುತ್ತಾರೆ, ಅಲ್ವಾ?

ಸಸ್ಯಶಾಸ್ತ್ರದವರು ಇಟ್ಟ ಹೆಸರು ಸಿರಿಂಗಾ. ಗ್ರೀಕ್ ಮಾತಿನಲ್ಲಿ ಸಿರಿಂಕ್ಸ್ ಅಂದರೆ ಕೊಳಲು, ಕೊಳವೆ. ಈ ಗಿಡದ ಕಡ್ಡಿಯ ಮೆದು ತಿರುಳು ತೆಗೆದು ಕೊಳವೆ ಮಾಡುತ್ತಿದ್ದರು. ಆಸ್ಪತ್ರೆಯ ಸಿರಿಂಜ್ ಕೂಡ ಅದೇ ಪದದಿಂದ ಬಂದದ್ದು.

ನನಗೆ ಮಾತ್ರ ನೀಲಕ್ ಹತ್ತಿರವಾಯಿತು. ಅದನ್ನು ಓದಿದ ಕೂಡಲೇ ಪೊನ್ನಂಪೇಟೆ ಹತ್ತಿರದ ಅಜ್ಜಿ ಮನೆಯ ಬಚ್ಚಲು ಕಣ್ಣ ಮುಂದೆ ಬಂತು. ಚಿಕ್ಕಪ್ಪನ ಮದುವೆಗೆ ಬಿಳಿ ಕುಪ್ಯ, ಅಂದರೆ ಕೊಡವ ಗಂಡಸರು ತೊಡುವ ನಿಲುವಂಗಿ, ಒಗೆಯಬೇಕಿತ್ತು. ಅಜ್ಜಿ ಹಳೇ ಪಂಚೆಯ ತುಂಡಿನಲ್ಲಿ ನೀಲಿ ಪುಡಿ ಗಂಟು ಕಟ್ಟಿ ಬಕೆಟ್‌ನಲ್ಲಿ ಅದ್ದಿದರು. ನೀಲಿ ದಾರದ ಹಾಗೆ ಎಳೆ ಎಳೆಯಾಗಿ ಕೆಳಗಿಳಿಯಿತು. ನಾನು ಕೈ ಹಾಕಲು ಹೋದೆ. "ಮೊದಲು ಕಲಸಬೇಕು, ಇಲ್ದಿದ್ರೆ ಕಲೆ ಕೂರುತ್ತೆ" ಅಂತ ಕೈ ಹಿಡಿದುಕೊಂಡರು. ಅವರು ಕಲಸಿದ ಮೇಲೆ ನೀರಿಗೆ ಬಂದ ಬಣ್ಣ ನೀಲಿಯೂ ಅಲ್ಲ, ಬಿಳಿಯೂ ಅಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಯಾರೂ ಹೆಸರಿಟ್ಟಿರಲಿಲ್ಲ.

ಶನಿವಾರ ಹುಡುಗಿ ಬ್ಲೌಸ್ ಒಯ್ಯಲು ಬಂದಳು. ಇದನ್ನೆಲ್ಲ ಹೇಳಿದೆ. ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು, "ನೀಲಕ್" ಅಂತ ಮೆಲ್ಲಗೆ ಎರಡು ಸಲ ಹೇಳಿ ನೋಡಿದಳು.