ಅವರು ಸೋತರೆ ನಿಮಗೇಕೆ ದುಃಖ?

“ಆಡುವವರು ಅವರು, ಹಣ ಎಣಿಸುವವರೂ ಅವರೇ, ನಿಮ್ಮ ತಂಡ ಸೋತರೆ ನೀವೇಕೆ ಊಟ ಬಿಟ್ಟು ಕೂರುತ್ತೀರಿ?” ಎಂದು ನನ್ನನ್ನು ಕೇಳದವರು ಕಡಿಮೆ. ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದಾಗ ವಿದ್ಯಾರ್ಥಿಗಳ ಮಾತಿನಲ್ಲಿ “ನಾವು” ಎಂಬ ಪದ ಹೆಚ್ಚು ಬರುತ್ತಿತ್ತು, ಸೋತಾಗ ಕಡಿಮೆಯಾಗುತ್ತಿತ್ತು. ಗೆದ್ದವರ ನೆರಳಿನಲ್ಲಿ ನಿಲ್ಲುವ ಆಸೆ ಯಾರಿಗಿಲ್ಲ? ನನಗೆ ಕುತೂಹಲ ಹುಟ್ಟಿಸುವವರು, ಸತತವಾಗಿ ಸೋತ ಮೇಲೂ “ನಾವು ಸೋತೆವು” ಎನ್ನುವ ಹಟಮಾರಿಗಳು. ನಾನೂ ಅವರಲ್ಲಿ ಒಬ್ಬ.

ನನ್ನ ಗೆಳೆಯನೊಬ್ಬ ಒಂದು ರಾತ್ರಿ ಕರೆ ಮಾಡಿ, ತಪ್ಪಾಗಿ ಎಲ್‌ಬಿಡಬ್ಲ್ಯು ಕೊಟ್ಟ ಅಂಪೈರನ್ನು ಮುಕ್ಕಾಲು ಗಂಟೆ ಬೈದ. ಅವನ ಗಂಟಲು ಕಟ್ಟಿತ್ತು, ಪಂದ್ಯದ ಬೇಸರವೆಂದುಕೊಂಡೆ. ಅದೇ ವಾರ ಅವನ ಕೆಲಸ ಹೋಗಿತ್ತೆಂದು ನನಗೆ ತಿಳಿದದ್ದು ಎರಡು ತಿಂಗಳ ನಂತರ. “ಗಂಡಸಾಗಿ ಅಳುತ್ತೀಯಾ?” ಎಂಬ ಮಾತು ಕೇಳುತ್ತ ಬೆಳೆದವನಿಗೆ ಎಲ್ಲರೆದುರು ಕಣ್ಣೀರು ಹಾಕಲು, ಗುರುತಿಲ್ಲದವನನ್ನು ಅಪ್ಪಿಕೊಳ್ಳಲು ಅಪ್ಪಣೆ ಇರುವ ಕೆಲವೇ ಜಾಗಗಳಲ್ಲಿ ಕ್ರೀಡಾಂಗಣವೂ ಒಂದು. ಬೇರೆಲ್ಲೂ ಇಳಿಸಲಾಗದ ಭಾರವನ್ನು ಅವನು ಪಂದ್ಯದ ಹೆಸರಿನಲ್ಲಿ ಇಳಿಸುತ್ತಾನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಆ ದುಃಖ ಯಾವಾಗಲೂ ಆಟದ್ದೇ ಆಗಿರುವುದಿಲ್ಲ.

ಹಾಗೆಂದು ಅಭಿಮಾನವೇ ಮದ್ದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2006ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಜರ್ಮನಿ ಆಡಿದ ದಿನಗಳಂದು ಮ್ಯೂನಿಕ್ ಪ್ರದೇಶದಲ್ಲಿ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗೂ ಹೆಚ್ಚಾದವು. ಗಂಡಸರಲ್ಲಿ ಮೂರು ಪಟ್ಟು ದಾಟಿದವು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಅಮೆರಿಕನ್ ಫುಟ್‌ಬಾಲಿನಲ್ಲಿ ಗೆಲ್ಲಬೇಕಿದ್ದ ಸ್ಥಳೀಯ ತಂಡ ಅನಿರೀಕ್ಷಿತವಾಗಿ ಸೋತ ದಿನಗಳಲ್ಲಿ ಪುರುಷರು ಮನೆಯೊಳಗೆ ಪತ್ನಿ ಅಥವಾ ಸಂಗಾತಿಯ ಮೇಲೆ ನಡೆಸುವ ಹಲ್ಲೆ ಸುಮಾರು 10 ಶೇಕಡಾ ಏರುತ್ತದೆಂದು 2011ರ ಅಧ್ಯಯನವೊಂದು ತೋರಿಸಿತು. ಹೊರಗೆ ಇಳಿಸಿದೆನೆಂದುಕೊಂಡ ಭಾರ ಮನೆಯಲ್ಲಿರುವವರ ಮೇಲೆ ಬಿದ್ದರೆ ಅದನ್ನು ಅಭಿಮಾನವೆಂದು ಕರೆಯಲು ನನಗೆ ಮನಸ್ಸಿಲ್ಲ.

ಜಗತ್ತಿನಾದ್ಯಂತ ಆತ್ಮಹತ್ಯೆಯ ಪ್ರಮಾಣ ಮಹಿಳೆಯರಿಗಿಂತ ಪುರುಷರಲ್ಲಿ ಸುಮಾರು ಎರಡು ಪಟ್ಟು. 2023ರ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಇಂಗ್ಲೆಂಡಿನ ನಾರ್ವಿಚ್ ಸಿಟಿ ಫುಟ್‌ಬಾಲ್ ಕ್ಲಬ್ ಒಂದು ಕಿರುಚಿತ್ರ ಹೊರತಂದಿತು. ಅಕ್ಕಪಕ್ಕ ಕುಳಿತು ಪಂದ್ಯ ನೋಡುವ ಇಬ್ಬರು. ಒಬ್ಬ ಸದಾ ಮಂಕು, ಇನ್ನೊಬ್ಬ ಸದಾ ಲವಲವಿಕೆ. ಮಂಕಾಗಿರುವವನ ಬಗ್ಗೆ ನಾವು ಆತಂಕಪಡುತ್ತಿರುವಾಗಲೇ, ಕೊನೆಗೆ ಅವನೇ ಗೆಳೆಯನ ಖಾಲಿ ಕುರ್ಚಿಯ ಮೇಲೆ ತಂಡದ ಶಾಲು ಇಡುತ್ತಾನೆ. ಅದನ್ನು ನೋಡಿದಾಗ ನನಗೆ ಆ ಮುಕ್ಕಾಲು ಗಂಟೆಯ ಕರೆ ನೆನಪಾಯಿತು. ಪಕ್ಕದಲ್ಲಿ ಕೂರುವುದು ನಮಗೆ ಬರುತ್ತದೆ, ಪಕ್ಕದವನನ್ನು ವಿಚಾರಿಸುವುದು ಬರುವುದಿಲ್ಲ.

ಗೆಳೆಯ ಈಗಲೂ ಕರೆ ಮಾಡಿ ಅಂಪೈರನ್ನು ಬೈಯುತ್ತಾನೆ. ಪೂರ್ತಿ ಕೇಳಿದ ಮೇಲೆ, “ಅದಿರಲಿ, ನೀನು ಹೇಗಿದ್ದೀಯ?” ಎನ್ನುತ್ತೇನೆ. ಮೊದಮೊದಲು ಮಾತು ಹಾರಿಸುತ್ತಿದ್ದ. ಕಳೆದ ಬಾರಿ, “ಈ ಓವರ್ ಮುಗಿಯಲಿ, ಹೇಳುತ್ತೇನೆ” ಎಂದ. ಮುಗಿದ ಮೇಲೆ ಹೇಳಿದ.