ಬಿಸಿನೀರು ಬೇಡ

ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ಚರ್ಚಿನ ಪೂಜೆಗೆ ಹೋದವರಿಗೆಲ್ಲ ಈ ದೃಶ್ಯ ಗೊತ್ತು. ಪ್ರಬೋಧನೆ ಮುಗಿದ ಮೇಲೆ ಹನ್ನೆರಡು ಜನ ಮುಂದೆ ಬಂದು ಸಾಲಾಗಿ ಕೂರುತ್ತಾರೆ. ಒಂದು ಕಾಲಿನ ಚಪ್ಪಲಿ ಬಿಚ್ಚುತ್ತಾರೆ. ಗುರುಗಳು ಮೇಲುವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಸುತ್ತಿ, ಮಂಡಿಯೂರಿ ಒಬ್ಬೊಬ್ಬರ ಪಾದಕ್ಕೂ ನೀರು ಹಾಕಿ ಒರೆಸುತ್ತಾರೆ.

ಒಂದು ವರ್ಷ ಆ ಹನ್ನೆರಡರಲ್ಲಿ ನಾನೂ ಇದ್ದೆ. ಅವತ್ತು ಬೆಳಿಗ್ಗೆ ಸ್ನಾನ ಮಾಡುವಾಗ ಎರಡೆರಡು ಸಲ ಸೋಪು ಹಾಕಿ ಕಾಲು ಉಜ್ಜಿದೆ. ಉಗುರು ಕತ್ತರಿಸಿದೆ. ಸಂಜೆ ಹೊರಡುವ ಮುಂಚೆ ಇನ್ನೊಂದು ಸಲ ತೊಳೆದೆ. ಪಕ್ಕದಲ್ಲಿ ಕೂತವರ ಕಾಲು ನೋಡಿದೆ, ಅವರೂ ಅದನ್ನೇ ಮಾಡಿಕೊಂಡು ಬಂದಿದ್ದರು! ಗುರುಗಳು ತೊಳೆದದ್ದು ಇಡೀ ದೇವಾಲಯದಲ್ಲೇ ಹೆಚ್ಚು ಶುಭ್ರವಾಗಿದ್ದ ಹನ್ನೆರಡು ಕಾಲುಗಳನ್ನು. ಅದರಲ್ಲಿ ತಮಾಷೆ ಏನಿದೆ ಅಂತ ಆಗ ನನಗೆ ಹೊಳೆಯಲಿಲ್ಲ. ಫೋಟೊ ಚೆನ್ನಾಗಿ ಬಂದಿತ್ತು.

ಸಾಯುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ಈ ಕತೆ ಬೈಬಲಿನಲ್ಲಿ ಯೋವಾನ್ನರ ಶುಭಸಂದೇಶದಲ್ಲಿ ಮಾತ್ರ ಇದೆ, 13ನೇ ಅಧ್ಯಾಯದಲ್ಲಿ. ಉಳಿದ ಮೂವರು ಶುಭಸಂದೇಶಕಾರರು ಆ ಕಡೆಯ ಭೋಜನದ ರೊಟ್ಟಿ, ದ್ರಾಕ್ಷಾರಸದ ಮಾತು ಬರೆಯುವ ಜಾಗದಲ್ಲಿ ಯೋವಾನ್ನರು ಬೋಗುಣಿ ಮತ್ತು ಟವೆಲ್ ಇಟ್ಟಿದ್ದಾರೆ. ಅಂದಿನ ಕಾಲುಗಳು ಮಣ್ಣುದಾರಿಯಲ್ಲಿ ದಿನವಿಡೀ ನಡೆದ ಕಾಲುಗಳು. ತೊಳೆಯುವುದು ಮನೆಯ ಆಳಿನ ಕೆಲಸ. ಶಿಷ್ಯ ಪೇತ್ರ ಗಾಬರಿಯಾಗಿ, ನೀವು ಎಂದಿಗೂ ನನ್ನ ಕಾಲು ತೊಳೆಯಬಾರದು ಅಂದುಬಿಟ್ಟ. ಪಾಪ, ಅವನು ಸೋಪು ಹಾಕಿ ಬಂದಿರಲಿಲ್ಲ.

ಆ ಈಸ್ಟರ್ ಕಳೆದ ಮೇಲೆ, ಕುಷ್ಠರೋಗ ಬಂದು ವಾಸಿಯಾದವರ ಆಶ್ರಮವೊಂದನ್ನು ನೋಡಿಕೊಳ್ಳುವ ಸಿಸ್ಟರ್ ಒಬ್ಬರು ಪೂಜೆ ಮುಗಿದ ಮೇಲೆ ಎರಡು ಮಾತಾಡಿದರು. ಹಣ ಕೇಳಲಿಲ್ಲ. "ಕಂಬಳಿ ಹಂಚುವವರು ಬರ್ತಾರೆ, ಹಾಡು ಹೇಳಿ ಹೋಗುವವರೂ ಬರ್ತಾರೆ. ವಾರ ವಾರ ಬಂದು ಕಾಲು ನೋಡುವವರು ಸಿಗಲ್ಲ" ಅಂದರು. ಕಾಲು ಅನ್ನುವ ಮಾತು ನನಗೇ ಹೇಳಿದ ಹಾಗಿತ್ತು. ಹೋದೆ.

ಮೊದಲ ದಿನವೇ ಎಡವಟ್ಟು ಮಾಡಿದೆ.

ನನಗೆ ಒಬ್ಬ ತಾತನನ್ನು ಒಪ್ಪಿಸಿದ್ದರು. ಎಪ್ಪತ್ತು ದಾಟಿರಬೇಕು. ಎರಡೂ ಕೈಯ ಬೆರಳು ಒಳಕ್ಕೆ ಬಾಗಿದ್ದವು, ಎಡಗಾಲಿನಲ್ಲಿ ಬೆರಳೇ ಇರಲಿಲ್ಲ. ಚಳಿ ಇತ್ತು. ತಣ್ಣೀರಲ್ಲಿ ಕಾಲು ಇಡಿಸುವುದು ಹೇಗೆ ಅಂತ ಒಳಗೆ ಹೋಗಿ ಬಿಸಿನೀರು ತಂದು ಟಬ್ಬಿಗೆ ಸುರಿದೆ. ಹಿತವಾಗಿರಲಿ ಅಂತ. ತಾತ ಸುಮ್ನೆ ನಗುತ್ತಾ ಕಾಲು ಎತ್ತಿದರು. ಇನ್ನೇನು ಇಳಿಸಬೇಕು, ಸಿಸ್ಟರ್ ಓಡಿ ಬಂದು ಟಬ್ಬನ್ನು ಎಳೆದುಬಿಟ್ಟರು. ನೀರು ನೆಲಕ್ಕೆಲ್ಲ ಚೆಲ್ಲಿತು. ನನ್ನ ಪಾದಕ್ಕೂ ಬಿತ್ತು. ಸುಟ್ಟಿತು. ಆಗ ಗೊತ್ತಾಯಿತು ಎಷ್ಟು ಬಿಸಿ ಇತ್ತು ಅಂತ.

"ಅವರಿಗೆ ಗೊತ್ತಾಗಲ್ಲ ಕಣಪ್ಪಾ" ಅಂದರು ಸಿಸ್ಟರ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಕಾಯಿಲೆಯ ಬಗ್ಗೆ ನನಗಿದ್ದ ತಿಳಿವಳಿಕೆ ಬೇರೆಯೇ ಇತ್ತು. ಬೆರಳುಗಳು ಕೊಳೆತು ಉದುರುತ್ತವೆ ಅಂತಲೇ ನಾನೂ ನಂಬಿದ್ದೆ. ಹಾಗಲ್ಲ. ರೋಗಾಣು ನರಗಳನ್ನು ಹಾಳು ಮಾಡುತ್ತದೆ, ನೋವು ಗೊತ್ತಾಗುವುದು ನಿಂತುಹೋಗುತ್ತದೆ. ಚಪ್ಪಲಿಯೊಳಗೆ ಕಲ್ಲು ಸೇರಿದರೂ ದಿನವಿಡೀ ಅದರ ಮೇಲೇ ನಡೆಯುತ್ತಾರೆ. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯುತ್ತಾರೆ. ಗಾಯದ ಮೇಲೆ ಗಾಯವಾಗಿ, ಕೀವಾಗಿ, ಎಲುಬು ಸವೆದು ಬೆರಳು ಮೋಟಾಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಇದನ್ನು ಜಗತ್ತಿಗೆ ತಿಳಿಸಿಕೊಟ್ಟವರಲ್ಲಿ ಮುಖ್ಯರು. ಬಾಗಿದ ಬೆರಳುಗಳನ್ನು ಮತ್ತೆ ಬಿಡಿಸುವ ಶಸ್ತ್ರಚಿಕಿತ್ಸೆಯನ್ನೂ ಅವರು ಅಲ್ಲೇ ಮಾಡಿದರು.

ಕಾಯಿಲೆಗೆ ಔಷಧಿ ಇದೆ. 1981ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವ ಬಹು ಔಷಧ ಚಿಕಿತ್ಸೆಯನ್ನು ಆರು ತಿಂಗಳು, ಕಾಯಿಲೆ ಜಾಸ್ತಿ ಇದ್ದರೆ ಒಂದು ವರ್ಷ ತೆಗೆದುಕೊಂಡರೆ ವಾಸಿಯಾಗುತ್ತದೆ. ಚಿಕಿತ್ಸೆ ಶುರುವಾದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡುವುದೂ ನಿಲ್ಲುತ್ತದೆ. ತಾತನಿಗೂ ವಾಸಿಯಾಗಿ ಎಷ್ಟೋ ವರ್ಷವಾಗಿದೆ. ಆದರೆ ಸತ್ತ ನರಕ್ಕೆ ಜೀವ ಬರುವುದಿಲ್ಲ. ಬಿಟ್ಟುಹೋದ ಮನೆಯವರೂ ವಾಪಸ್ ಬಂದಿಲ್ಲ.

ಹಾಗಾಗಿ ಉಳಿದಿರುವ ಔಷಧಿ ಒಂದೇ. ದಿನಾ ಕಾಲು ತೊಳೆಯುವುದು.

ನಿಜವಾಗಿಯೂ ಅದೇ. ಒಂದು ಟಬ್ಬಿನಲ್ಲಿ ಸಾದಾ ನೀರು, ಬಿಸಿ ಇರಬಾರದು. ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಪಾದ ನೆನೆಸಬೇಕು. ಈ ಕಾಲುಗಳಿಗೆ ಬೆವರೂ ಬರುವುದಿಲ್ಲ, ಚರ್ಮ ಒಣಗಿ ಬಿರಿಯುತ್ತದೆ. ನೆನೆದ ಮೇಲೆ ದಪ್ಪಗಟ್ಟಿದ ಚರ್ಮವನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜಿ ತೆಗೆಯಬೇಕು. ಪೂರ್ತಿ ಒರೆಸದೆ, ಪಸೆ ಇರುವಾಗಲೇ ಎಣ್ಣೆ ಹಚ್ಚಬೇಕು. ಆಮೇಲೆ ಬೆರಳ ಸಂದಿ, ಹಿಮ್ಮಡಿ, ಅಂಗಾಲು ಎಲ್ಲ ಕಣ್ಣಿಂದ ನೋಡಬೇಕು. ನೋವು ಹೇಳಬೇಕಾದ್ದನ್ನು ಕಣ್ಣು ಹೇಳಬೇಕು. ಎಲ್ಲಾದರೂ ಬಿಸಿ ಇದೆಯಾ, ಕೆಂಪಾಗಿದೆಯಾ ಅಂತ ಮುಟ್ಟಿ ನೋಡಬೇಕು. ಅದಕ್ಕೆ ಸ್ಪರ್ಶ ಇರುವ ಕೈ ಬೇಕು. ನನ್ನ ಕೆಲಸ ಅಷ್ಟೇ. ಉಜ್ಜುವುದು, ಎಣ್ಣೆ ಹಚ್ಚುವುದೆಲ್ಲ ತಾತ ತಾವೇ ಮಾಡಿಕೊಳ್ಳುತ್ತಾರೆ. ಎರಡು ಅಂಗೈ ನಡುವೆ ಕಲ್ಲು ಸಿಕ್ಕಿಸಿಕೊಂಡು, ನನಗಿಂತ ಚೊಕ್ಕವಾಗಿ. ಒಂದು ದಿನ ನಾನೇ ಮಾಡ್ತೀನಿ ಅಂತ ಕಲ್ಲು ಕಿತ್ತುಕೊಳ್ಳಲು ಹೋದೆ. "ಇದೂ ಕಿತ್ಕೊಂಡ್ರೆ ನನಗೇನು ಉಳೀತಪ್ಪಾ?" ಅಂದರು. ನನ್ನ ಸೇವೆಯ ಹುರುಪು ಅಲ್ಲೇ ಅರ್ಧ ಇಳಿಯಿತು.

ಮನೆಗೆ ಬಂದು ಮಾರ್ಕನ ಶುಭಸಂದೇಶ ತೆಗೆದೆ. ಮೊದಲ ಅಧ್ಯಾಯದ ಕೊನೆಯ ಕತೆ. ಕುಷ್ಠರೋಗಿಯೊಬ್ಬ ಬಂದು, ನಿಮಗೆ ಮನಸ್ಸಿದ್ದರೆ ನನ್ನನ್ನು ಗುಣಪಡಿಸಬಲ್ಲಿರಿ ಅನ್ನುತ್ತಾನೆ. ಯೇಸುಸ್ವಾಮಿ ಕೈಚಾಚಿ ಅವನನ್ನು ಮುಟ್ಟಿ, ನನಗೆ ಮನಸ್ಸಿದೆ, ಗುಣವಾಗು ಅನ್ನುತ್ತಾರೆ. ಈ ಸಾಲನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಗಮನಿಸಿರಲಿಲ್ಲ. ಮೊದಲು ಕೈ. ಆಮೇಲೆ ಮಾತು. ಅದಾದ ಮೇಲೆ ರೋಗ ಹೋಗಿದ್ದು. ಮುಟ್ಟಿದಾಗ ಅವನಿನ್ನೂ ರೋಗಿಯೇ. ಇಂಥವನು ಬಟ್ಟೆ ಹರಿದುಕೊಂಡು, ತಲೆ ಕೆದರಿಕೊಂಡು, ನಾನು ಅಶುದ್ಧ, ಅಶುದ್ಧ ಅಂತ ಕೂಗುತ್ತಾ ಪಾಳೆಯದ ಹೊರಗೆ ಒಂಟಿಯಾಗಿ ಬದುಕಬೇಕು ಅಂತ ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 13ನೇ ಅಧ್ಯಾಯದಲ್ಲಿ ಬರೆದಿದೆ. ಆ ಕಾಲದಲ್ಲಿ ಎಷ್ಟೋ ಬಗೆಯ ಚರ್ಮರೋಗಗಳಿಗೆ ಅದೇ ಹೆಸರಿತ್ತಂತೆ. ಹೊರಗೆ ಹಾಕುವುದಕ್ಕೆ ಒಂದು ಹೆಸರು ಸಾಕಾಗಿತ್ತು.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಹೋಗಿ ಯಾಜಕನಿಗೆ ನಿನ್ನನ್ನು ತೋರಿಸು ಅಂತ ಯೇಸು ಹೇಳುತ್ತಾರೆ. ಮೊದಲೆಲ್ಲ ಈ ಮಾತನ್ನು ಓದಿ ದಾಟಿಬಿಡುತ್ತಿದ್ದೆ. ಈಗ ಅದು ಪೂರಾ ವ್ಯವಹಾರದ ಮಾತಾಗಿ ಕೇಳಿಸುತ್ತದೆ. ಯಾಜಕ ನೋಡಿ ಶುದ್ಧ ಅನ್ನದೆ ಅವನನ್ನು ಯಾರೂ ಒಳಗೆ ಸೇರಿಸುವುದಿಲ್ಲ. ಮೈ ವಾಸಿಯಾದರೆ ಸಾಲದು, ಮನೆ ಬಾಗಿಲು ತೆರೆಯಬೇಕು. ಇಂದಿನ ಲೆಕ್ಕದಲ್ಲಿ ಒಂದು ಸರ್ಟಿಫಿಕೇಟ್, ಒಂದು ಅರ್ಜಿ, ಸಾಲಿನಲ್ಲಿ ಜೊತೆಗೆ ನಿಲ್ಲುವ ಒಬ್ಬ ಮನುಷ್ಯ. ನಾವು ಪವಾಡವನ್ನು ಹಾಡುತ್ತೇವೆ, ಈ ಓಡಾಟವನ್ನು ಯಾರೂ ಹಾಡಿದ್ದು ಕೇಳಿಲ್ಲ. ಕೊನೆಯ ಸಾಲಂತೂ ಇನ್ನೂ ವಿಚಿತ್ರ. ಗುಣವಾದವನು ಊರೆಲ್ಲ ಸುದ್ದಿ ಮಾಡುತ್ತಾನೆ. ಯೇಸುವಿಗೆ ಬಹಿರಂಗವಾಗಿ ಊರೊಳಗೆ ಕಾಲಿಡಲು ಆಗದೆ ಹೊರಗೆ, ಜನರಿಲ್ಲದ ಕಡೆ ಇರಬೇಕಾಗುತ್ತದೆ. ಹೊರಗಿದ್ದವನು ಒಳಗೆ ಹೋದ. ಮುಟ್ಟಿದವರು ಹೊರಗುಳಿದರು.

ಇಲ್ಲಿ ಸಂತ ಡಾಮಿಯನ್ನರ ನೆನಪು ಬರದೆ ಇರದು. ಹವಾಯಿಯಲ್ಲಿ ಕುಷ್ಠರೋಗಿಗಳನ್ನು ಮೊಲೊಕೈ ದ್ವೀಪಕ್ಕೆ ಸಾಗಿಸಿಬಿಡುವ ಪದ್ಧತಿ 1866ರಲ್ಲಿ ಶುರುವಾಯಿತು. ಬೆಲ್ಜಿಯಂನ ಈ ಗುರು 1873ರಲ್ಲಿ ಅಲ್ಲಿಗೆ ಹೋದರು. ನಾರ್ವೆಯಲ್ಲಿ ಡಾಕ್ಟರ್ ಹ್ಯಾನ್ಸನ್ ಈ ಕಾಯಿಲೆಯ ರೋಗಾಣುವನ್ನು ಕಂಡುಹಿಡಿದದ್ದೂ ಅದೇ 1873ರಲ್ಲಿ. ಡಾಮಿಯನ್ ಗಾಯ ತೊಳೆದರು, ಮನೆ ಕಟ್ಟಿದರು, ಶವದ ಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. 1884ರ ಡಿಸೆಂಬರಿನಲ್ಲಿ ಒಂದು ದಿನ ದಣಿದು ಬಂದು ಬಿಸಿನೀರಿನಲ್ಲಿ ಪಾದ ಇಟ್ಟರು. ಚರ್ಮ ಬೊಬ್ಬೆ ಎದ್ದಿತು. ಏನೂ ಗೊತ್ತಾಗಲಿಲ್ಲ. ತಮಗೂ ಕಾಯಿಲೆ ಬಂದಿದೆ ಅಂತ ಅವರಿಗೆ ತಿಳಿದದ್ದು ಹಾಗೆ. ಈ ಪ್ರಸಂಗ ಮೊದಲು ಓದಿದಾಗ ನನ್ನ ಕೈ ಪುಸ್ತಕದ ಮೇಲೇ ನಿಂತುಹೋಯಿತು. ನಾನು ಸುರಿದ ಟಬ್ಬು ಕಣ್ಣ ಮುಂದೆ ಬಂತು. ಅವರು ತೀರಿಕೊಂಡದ್ದು 1889ರ ಏಪ್ರಿಲ್ 15ರಂದು, ಆ ವರ್ಷದ ಪವಿತ್ರ ವಾರದ ಸೋಮವಾರ. ಪಾದ ತೊಳೆಯುವ ಗುರುವಾರಕ್ಕೆ ಇನ್ನು ಮೂರೇ ದಿನ ಇತ್ತು.

ಅವರ ಕತೆಯನ್ನು ನಾವು ಬಾಯ್ತುಂಬ ಹೇಳುತ್ತೇವೆ. 1888ರಲ್ಲಿ ಅದೇ ದ್ವೀಪಕ್ಕೆ ಬಂದ ಮದರ್ ಮೇರಿಯಾನ್ ಕೋಪ್ ಅವರದ್ದು ಅಷ್ಟಾಗಿ ಹೇಳುವುದಿಲ್ಲ. ಅವರು ಜೊತೆಯ ಸಿಸ್ಟರುಗಳಿಗೆ ಕೈ ತೊಳೆಯುವುದನ್ನು ಕಟ್ಟುನಿಟ್ಟಾಗಿ ಕಲಿಸಿದರು. 1918ರವರೆಗೆ, ಸುಮಾರು ಮೂವತ್ತು ವರ್ಷ, ಅದೇ ಜನರ ನಡುವೆ ಬದುಕಿದರು. ಅವರಿಗೆ ಕಾಯಿಲೆ ಬರಲಿಲ್ಲ. ಧರ್ಮಸಭೆ ಡಾಮಿಯನ್ನರನ್ನು 2009ರಲ್ಲಿ, ಇವರನ್ನು 2012ರಲ್ಲಿ ಸಂತರೆಂದು ಸಾರಿತು. ನನ್ನ ಮನಸ್ಸು ಈಚೆಗೆ ಇವರ ಕಡೆ ಜಾಸ್ತಿ ವಾಲುತ್ತದೆ. ಸಾಯುವ ಪ್ರೀತಿಗೆ ನಾವು ಕಣ್ಣೀರು ಹಾಕಿ ಮನೆಗೆ ಹೋಗಬಹುದು. ಕೈ ತೊಳೆದುಕೊಂಡು ಮರುದಿನ ಮತ್ತೆ ಬರುವ ಪ್ರೀತಿ ಹಾಗೆ ಬಿಡುವುದಿಲ್ಲ, ನೀನೂ ಬಾ ಅನ್ನುತ್ತದೆ. ಬಿಸಿನೀರು ಸುರಿದ ದಿನ ನನ್ನಲ್ಲಿ ಕರುಣೆಗೆ ಕೊರತೆ ಇರಲಿಲ್ಲ. ಆ ಕಾಲಿಗೆ ಏನು ಬೇಕು ಅಂತ ಕೇಳುವ ವ್ಯವಧಾನ ಇರಲಿಲ್ಲ.

ಈ ವರ್ಷದ ಪವಿತ್ರ ಗುರುವಾರ ಬೆಳಿಗ್ಗೆ ಆಶ್ರಮಕ್ಕೆ ಹೋಗಿದ್ದೆ. ಸಂಜೆ ಪೂಜೆ ಇತ್ತು, ಬೇಗ ಮುಗಿಸಿ ಹೊರಡುವ ಯೋಚನೆ. ತಾತನ ಅಂಗಾಲು ನೋಡಿದೆ, ಹೊಸ ಗಾಯ ಇರಲಿಲ್ಲ. ಏಳಲು ಹೋದರೆ ಭುಜಕ್ಕೆ ಮೊಣಕೈ ಇಟ್ಟು ತಡೆದರು.

"ನಿನ್ನ ಕಾಲು ತೋರಿಸು."

"ನನ್ನದಾ? ನನಗೇನಾಗಿದೆ?"

"ಮಂಡಿಯೂರಿ ಕೂತಾಗ ಕಾಣಿಸ್ತು. ಹಿಮ್ಮಡಿ ಒಡೆದಿದೆ. ರಕ್ತ ಬರೋ ಹಾಗಿದೆ. ನೋವಾಗಲ್ವಾ?"

ಆಗುತ್ತಿತ್ತು. ಒಂದು ವಾರದಿಂದ ಕುಂಟುತ್ತಲೇ ಇದ್ದೆ. ನೋಡಿಕೊಂಡಿರಲಿಲ್ಲ.

"ಬೇಡ ತಾತ, ಬೇಡ" ಅಂದೆ. ಅಷ್ಟರಲ್ಲಿ ಅವರು ಸ್ಟೂಲು ನನ್ನ ಕಡೆ ತಳ್ಳಿ, ಮುಂಗೈಗೆ ಬಕೆಟ್ಟಿನ ಹಿಡಿ ಸಿಕ್ಕಿಸಿಕೊಂಡು ಬಂದಾಗಿತ್ತು. ಕೂತೆ. ಬೆಳಿಗ್ಗೆ ಸೋಪು ಹಾಕಿರಲಿಲ್ಲ. ದಾರಿಯ ಧೂಳೆಲ್ಲ ಹಾಗೇ ಇತ್ತು. ಅವರು ಎರಡು ಅಂಗೈ ನಡುವೆ ಮಗ್ಗು ಹಿಡಿದು ನೀರು ಎತ್ತಿದರು. ಸುರಿಯುವ ಮುಂಚೆ ಒಂದು ಕ್ಷಣ ನಿಂತರು.

"ಬಕೆಟ್ಟು ಬಿಸಿಲಲ್ಲಿತ್ತು. ಮೊದಲು ಬೆರಳು ಅದ್ದಿ ನೋಡಪ್ಪಾ, ಬಿಸಿ ಇದ್ರೆ ನನಗೆ ಗೊತ್ತಾಗಲ್ಲ."